ಘಟ್ಟ ಇಳಿಯಲು ಬಸ್ಸೋ, ರೈಲೋ..?

ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮಂಥ ಕರಾವಳಿಯವರಿಗೆ ಮಳೆಗಾಲ ಮುಗಿಯುತ್ತಾ ಬಂದ ಹಾಗೆ ಆಫೀಸಿನಲ್ಲಿ ಒಂದು ಪ್ರಶ್ನೆ ತಪ್ಪದೇ ಬರುತ್ತದೆ. "ನಿಮ್ಮೂರ ಕಡೆ ಹೋಗ್ಬೇಕು ಅಂತಿದೀವಿ, ಘಾಟಿ ತುಂಬಾ ಚೆನ್ನಾಗಿರತ್ತಂತೆ, ಬಸ್ಸಲ್ಲಿ ಹೋದ್ರೆ ಒಳ್ಳೇದಾ, ರೈಲಲ್ಲಾ?" ನನ್ನ ಉತ್ತರ ಯಾವಾಗಲೂ ಒಂದೇ: ಹಗಲಲ್ಲಿ ಹೋಗಿ. ಕೇಳಿದವರಿಗೆ ಇದು ಪ್ರಶ್ನೆ ಹಾರಿಸುವ ಜಾಣತನ ಅನ್ನಿಸುತ್ತದೆ. ಆದರೆ ಈ ದಾರಿಯ ಚರಿತ್ರೆಯನ್ನು ಅಲ್ಲಿ ಇಲ್ಲಿ ಕೆದಕಿದಷ್ಟೂ ಇಲ್ಲಿನ ನಿಜವಾದ ಜಗಳ ಬಸ್ಸಿಗೂ ರೈಲಿಗೂ ಅಲ್ಲ, ಹಗಲಿಗೂ ರಾತ್ರಿಗೂ ಅಂತ ನನಗೆ ಗಟ್ಟಿಯಾಗುತ್ತಾ ಬಂದಿದೆ. ಸ್ವಲ್ಪ ಉದ್ದದ ಕಥೆ, ಕಾಫಿ ಹಿಡ್ಕೊಂಡು ಕೂತ್ಕೊಳ್ಳಿ :)

ಮೊದಲು ಒಂದು ವಿಷಯ. ಘಟ್ಟ ಅನ್ನುವುದು ಬರೀ ಗುಡ್ಡವಾಗಿರಲಿಲ್ಲ, ಗಡಿಯೂ ಆಗಿತ್ತು. 1956ರಲ್ಲಿ ರಾಜ್ಯ ಒಂದಾಗುವವರೆಗೆ ಘಟ್ಟದ ಮೇಲಿನ ಸಕಲೇಶಪುರ ಮೈಸೂರಿನದು, ಕೆಳಗಿನ ಪುತ್ತೂರು, ಮಂಗಳೂರು ಮದ್ರಾಸಿನವು. ಹಳಿಗಳೂ ಹಾಗೇ ಬೆಳೆದವು. ಮೈಸೂರಿನವರ ಮೀಟರ್ ಗೇಜ್ ಹಳಿ ಬೆಂಗಳೂರಿನಿಂದ 1882ರ ಹೊತ್ತಿಗೆ ಮೈಸೂರು ಮುಟ್ಟಿತು, ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಹಾಸನಕ್ಕೂ ಬಂತು. ಅಲ್ಲಿಗೆ ನಿಂತಿತು. ಇತ್ತ ಮಂಗಳೂರಿಗೆ 1907ರಲ್ಲೇ ರೈಲು ಬಂದಿತ್ತು, ಆದರೆ ಬಂದದ್ದು ದಕ್ಷಿಣದಿಂದ, ಶೋರನೂರು, ಕಲ್ಲಿಕೋಟೆ, ಕಣ್ಣೂರು ದಾಟಿಕೊಂಡು. ಅದು ಬ್ರಾಡ್ ಗೇಜ್. ನಡುವೆ 189 ಕಿಲೋಮೀಟರಿನಷ್ಟು ಜಾಗದಲ್ಲಿ ಹಳಿಯೇ ಇಲ್ಲ.

ಹಾಗಾದರೆ ಆ ಕಾಲದಲ್ಲಿ ಮಂಗಳೂರಿನವರು ಬೆಂಗಳೂರಿಗೆ ರೈಲಿನಲ್ಲೇ ಹೋಗಬೇಕು ಅಂದರೆ? ಕಾಸರಗೋಡು, ಕಣ್ಣೂರು, ಕಲ್ಲಿಕೋಟೆ, ಶೋರನೂರು, ಪಾಲಕ್ಕಾಡು, ಕೊಯಮತ್ತೂರಿನ ಕಡೆಯಿಂದ ಈರೋಡು, ಸೇಲಂ, ಜೋಲಾರಪೇಟೆ, ಆಮೇಲೆ ಬೆಂಗಳೂರು. ಮೂಗು ಹಿಡಿಯಲು ಕೈಯನ್ನು ತಲೆಯ ಹಿಂದಿನಿಂದ ತಂದ ಹಾಗೆ. ನೋಡಲು ಅದೂ ಚೆಂದದ ದಾರಿಯೇ. ಆದರೆ ಪಕ್ಕದ ಮನೆಗೆ ಹೋಗಲು ಯಾರೂ ಊರು ಸುತ್ತುವುದಿಲ್ಲವಲ್ಲ ಮಾರಾಯ್ರೇ. ಆದ್ದರಿಂದ ಜನ ಘಟ್ಟ ಹತ್ತಿದ್ದು ಇಳಿದದ್ದು ರಸ್ತೆಯಲ್ಲೇ.

ಆ ರಸ್ತೆಗಳನ್ನೂ ನಮ್ಮ ಕಣ್ಣಿನ ಹಬ್ಬಕ್ಕೆ ಯಾರೂ ಮಾಡಿಸಿದ್ದಲ್ಲ. 19ನೇ ಶತಮಾನದಲ್ಲಿ ಕೊಡಗು, ಮಂಜರಾಬಾದ್, ಚಿಕ್ಕಮಗಳೂರಿನ ಕಾಫಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಮಂಗಳೂರಿಗೆ ಬರುತ್ತಿತ್ತು. ಅಲ್ಲಿನ ಕ್ಯೂರಿಂಗ್ ವರ್ಕ್ಸಿನಲ್ಲಿ ಸಿಪ್ಪೆ ತೆಗೆಸಿಕೊಂಡು, ಹಸನಾಗಿ ಹಡಗು ಹತ್ತುತ್ತಿತ್ತು. ವಾಪಸು ಹೋಗುವ ಗಾಡಿಗಳಲ್ಲಿ ಉಪ್ಪು, ಒಣಮೀನು, ಹಂಚು. ಶಿರಾಡಿ, ಸಂಪಾಜೆ, ಚಾರ್ಮಾಡಿ ಅಂತ ಇವತ್ತು ನಾವು ಫೋಟೋ ಹಾಕಿಕೊಳ್ಳುವ ತಿರುವುಗಳು ತುಂಬಿದ ಗಾಡಿಯ ಎತ್ತು ಎಷ್ಟು ಏರು ತಡೆದುಕೊಳ್ಳುತ್ತದೆ ಅನ್ನುವ ಲೆಕ್ಕದ ಮೇಲೆ ಹುಟ್ಟಿದವು.

ಎತ್ತಿನ ನಂತರ ಮೋಟಾರು. ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ ಶುರುವಾದದ್ದು 1914ರಲ್ಲಿ. ನಮ್ಮ ಹಿರಿಯರ ಬಾಯಲ್ಲಿ ಅದು ಬರೀ "ಸಿ.ಪಿ.ಸಿ." ಘಟ್ಟ ಹತ್ತುವ ರೈಲು ಇಲ್ಲದ ಜಿಲ್ಲೆಯಲ್ಲಿ ಬಸ್ಸಿನ ಉದ್ಯಮ ಬೆಳೆದ ಪರಿ ನೋಡಿದರೆ, ದಕ್ಷಿಣ ಕನ್ನಡದಲ್ಲಿ ಇವತ್ತಿಗೂ ಖಾಸಗಿ ಬಸ್ಸುಗಳು ಯಾಕೆ ಇಷ್ಟು ಗಟ್ಟಿ ಅನ್ನುವುದು ಅರ್ಥವಾಗುತ್ತದೆ. ಘಟ್ಟದ ಮೇಲೆ ಮೈಸೂರು ಸರ್ಕಾರ 1948ರ ಸೆಪ್ಟೆಂಬರಿನಲ್ಲಿ 120 ಬಸ್ಸುಗಳನ್ನಿಟ್ಟುಕೊಂಡು ತನ್ನದೇ ಸಾರಿಗೆ ಇಲಾಖೆ ತೆರೆಯಿತು, 1961ರಲ್ಲಿ ಅದು ನಿಗಮವಾಯಿತು. ನಾವೆಲ್ಲ ಕೆಂಪು ಬಸ್ಸು ಅನ್ನುವುದರ ಮೂಲ ಇದು.

ಇನ್ನು ಹಳಿಯ ಕಥೆ. ಮೈಸೂರಿಗೆ ಸಮುದ್ರ ಇರಲಿಲ್ಲ, ಅದರ ಹಂಬಲ ಮಾತ್ರ ಬಹಳ ಇತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಭಟ್ಕಳದಲ್ಲಿ ಬಂದರು ಮಾಡಿಸಿ ಅಲ್ಲಿಗೆ ಹಳಿ ಒಯ್ಯಬೇಕೆಂದು ಪ್ರಯತ್ನಪಟ್ಟಿದ್ದರು. ಭಟ್ಕಳ ಆಗ ಬೊಂಬಾಯಿ ಪ್ರಾಂತ್ಯದ್ದು, ಅದು ಕೈಗೂಡಲಿಲ್ಲ. ರಾಜ್ಯ ಒಂದಾದ ಮೇಲೆ ಪಣಂಬೂರಿನಲ್ಲಿ ಹೊಸ ಬಂದರಿನ ಯೋಜನೆ ಬಂತಲ್ಲ, ಹಾಸನ-ಮಂಗಳೂರು ಹಳಿಯೂ ಅದರ ಜೊತೆಗೇ ಬಂತು. ಬಂದರು ಅಂದ ಮೇಲೆ ಅದಕ್ಕೆ ಒಳನಾಡಿನಿಂದ ಅದಿರು ಬರಬೇಕು, ಗೊಬ್ಬರ, ಎಣ್ಣೆ ಮೇಲೆ ಹೋಗಬೇಕು. 1960ರ ದಶಕದ ಮಧ್ಯದಲ್ಲಿ ಕೆಲಸ ಶುರುವಾಯಿತು. 1974ರ ಮೇಯಲ್ಲಿ ನವಮಂಗಳೂರು ಪ್ರಧಾನ ಬಂದರು ಅನ್ನಿಸಿಕೊಂಡಿತು. ಹಳಿ ಪೂರ್ತಿಯಾದದ್ದು 1979ರಲ್ಲಿ. ಈ ನಡುವೆ ಕೊಡಗಿನ ಸಿ.ಎಂ. ಪೂಣಚ್ಚ, ಮಣಿಪಾಲದ ಟಿ.ಎ. ಪೈ ಇಬ್ಬರೂ ಕೇಂದ್ರದಲ್ಲಿ ರೈಲ್ವೆ ಮಂತ್ರಿಗಳಾಗಿ ಹೋಗಿಯಾಗಿತ್ತು. ಘಟ್ಟ ಮಾತ್ರ ಯಾವ ಮಂತ್ರಿಗೂ ಬೇಗ ಬಗ್ಗಲಿಲ್ಲ.

ಯಾಕೆ ಬಗ್ಗಲಿಲ್ಲ ಅನ್ನುವುದಕ್ಕೆ ಲೆಕ್ಕ ಹಾಕೋಣ (ಇಂಜಿನಿಯರಿಂಗ್ ಓದಿದ ಚಾಳಿ, ಸಹಿಸಿಕೊಳ್ಳಿ). ಸಕಲೇಶಪುರ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಸುಬ್ರಹ್ಮಣ್ಯ ರೋಡ್, ಅಂದರೆ ನೆಟ್ಟಣ, ನೂರ ಚಿಲ್ಲರೆ ಮೀಟರಿನಲ್ಲಿದೆ. ಏಳೆಂಟು ನೂರು ಮೀಟರ್ ಇಳಿಯಬೇಕು. ಬಸ್ಸಿನ ರಬ್ಬರ್ ಟಯರಿಗೆ ರಸ್ತೆಯ ಮೇಲೆ ಹಿಡಿತ ಇದೆ, ಅದು ಗೇರ್ ಬದಲಿಸಿಕೊಂಡು ತಿರುವಿನ ಮೇಲೆ ತಿರುವು ಹಾಕಿ ಇಳಿದುಬಿಡುತ್ತದೆ. ರೈಲಿನದು ಕಬ್ಬಿಣದ ಮೇಲೆ ಕಬ್ಬಿಣ. ಇಲ್ಲಿ ಕೊಟ್ಟಿರುವ ಅತಿ ಹೆಚ್ಚಿನ ಇಳಿಜಾರು 50ಕ್ಕೆ 1. ಅಂದರೆ 50 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಕೆಳಗೆ. ಬಸ್ಸು ತಿರುಗಿದ ಹಾಗೆ ಚಕ್ಕನೆ ತಿರುಗಲೂ ಆಗದು. ಹಾಗಾಗಿ ಗುಡ್ಡದ ಮೈಗೆ ಅಂಟಿಕೊಂಡು ನಿಧಾನಕ್ಕೆ ಸುತ್ತಬೇಕು, ಗುಡ್ಡ ಅಡ್ಡ ಬಂದರೆ ಕೊರೆಯಬೇಕು, ಕಣಿವೆ ಬಂದರೆ ಸೇತುವೆ ಕಟ್ಟಬೇಕು. ಫಲ: ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗ, 109 ಸೇತುವೆ. ಕಿಲೋಮೀಟರಿಗೆ ಒಂದು ಸುರಂಗ, ಎರಡು ಸೇತುವೆ!

ನೋಟದ ವ್ಯತ್ಯಾಸ ಹುಟ್ಟುವುದೂ ಇಲ್ಲೇ. ಶಿರಾಡಿಯ ರಸ್ತೆ ಮೇಲಿನಿಂದ ಇಳಿದು ಕೆಂಪುಹೊಳೆಯ ಬದಿ ಹಿಡಿಯುತ್ತದೆ. ಬಸ್ಸಿನಲ್ಲಿ ಕೂತವರು ಕಣಿವೆಯ ಒಳಗಿರುತ್ತಾರೆ. ಹೊಳೆ ಪಕ್ಕದಲ್ಲಿ, ಮರ ತಲೆಯ ಮೇಲೆ. ರೈಲು ಅದೇ ಕಣಿವೆಯ ಎದುರು ಬದಿಯಲ್ಲಿ, ಗುಡ್ಡದ ಸೊಂಟದ ಎತ್ತರದಲ್ಲಿ ಹೋಗುತ್ತದೆ. ರೈಲಿನವರು ಕಣಿವೆಯನ್ನು ಮೇಲಿನಿಂದ ನೋಡುತ್ತಾರೆ. ಬೇಗ ಇಳಿಯಲಾಗದ ರೈಲಿನ ಕಷ್ಟವೇ ನಮಗೆ ಆ ಎತ್ತರ ಕೊಟ್ಟಿರುವುದು. ವೇಗವೂ ಹಾಗೇ. ಇಲ್ಲಿ ರೈಲು ಗಂಟೆಗೆ 30 ಕಿಲೋಮೀಟರಿನ ಆಸುಪಾಸಿನಲ್ಲೇ ತೆವಳಬೇಕು, ಹಿಂದೆ ಮುಂದೆ ಹೆಚ್ಚಿನ ಇಂಜಿನ್ ಕಟ್ಟಿಕೊಂಡು. 55 ಕಿಲೋಮೀಟರಿಗೆ ಎರಡು ಎರಡೂವರೆ ಗಂಟೆ. ಆ ನಿಧಾನವನ್ನೇ ಈಗ ಪ್ರವಾಸೋದ್ಯಮದವರು 'ಹಸಿರು ಹಾದಿ' ಅಂತ ಮಾರುತ್ತಿದ್ದಾರೆ.

ನಮ್ಮ ಉತ್ತರದ ಘಟ್ಟದಲ್ಲೂ ಇದೇ ಕಥೆ. ದೂಧ್‌ಸಾಗರದ ಎದುರು ಹಾದುಹೋಗುವ ಕ್ಯಾಸಲ್‌ರಾಕ್ ಹಳಿಯನ್ನು 1880ರ ದಶಕದಲ್ಲಿ ಹಾಕಿಸಿದ್ದು ಗೋವಾದ ಮರ್ಮಗೋವಾ ಬಂದರಿಗಾಗಿ. ಜಲಪಾತ ಕಂಡದ್ದು ಲಾಭದ ಬಾಬ್ತು.

ಹಾಸನ-ಮಂಗಳೂರಿನ ಮೀಟರ್ ಗೇಜ್ ರೈಲು ಓಡಿದ್ದು 1979ರಿಂದ 1996ರವರೆಗೆ, ಬರೀ ಹದಿನೇಳು ವರ್ಷ. ನಾನು ಅದನ್ನು ಕಂಡವನಲ್ಲ, ಅದು ನಿಂತ ಮೇಲೆ ಹುಟ್ಟಿದವನು. ಅಪ್ಪನ ಕಾಲದ ಪುತ್ತೂರಿನವರು ಅದರ ಬಗ್ಗೆ ಮಾತಾಡುವಾಗ ಮುಖದ ಮೇಲೊಂದು ಬೆಳಕು ಬರುತ್ತದೆ. ಕಬಕದಲ್ಲಿ ಹತ್ತಿದ್ದು, ಸುರಂಗ ಬಂದಾಗಲೆಲ್ಲ ಡಬ್ಬಿಯಲ್ಲಿದ್ದ ಮಕ್ಕಳೆಲ್ಲ "ಹೋ..." ಅಂತ ಕೂಗಿದ್ದು, ಎಡಕುಮೇರಿಯಲ್ಲಿ ಯಾಕೆ ಅಂತ ಗೊತ್ತಿಲ್ಲದೆ ಗಾಡಿ ನಿಂತದ್ದು, ಹೊರಗೆ ಮಳೆ. ಅಪ್ಪ ಹೇಳುವ ಪ್ರಕಾರ ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವವರೆಲ್ಲ ರೈಲು ಬಂದಾಗ ದೇವರಿಗೆ ಕೈಮುಗಿದರಂತೆ!

ಆಮೇಲೆ 1992ರಲ್ಲಿ ದೇಶದ ಹಳಿಗಳನ್ನೆಲ್ಲ ಒಂದೇ ಅಳತೆಗೆ ತರುವ ಯೂನಿಗೇಜ್ ಯೋಜನೆ ಬಂತು. ಬೆಂಗಳೂರು-ಮೈಸೂರು ಬ್ರಾಡ್ ಗೇಜ್ ಆಯಿತು. ಮೇಲಿನ ಹಳಿಗಳ ಅಳತೆ ಬದಲಾದ ಮೇಲೆ ಘಟ್ಟದ ಮೀಟರ್ ಗೇಜ್ ಒಂಟಿಯಾಯಿತು. 1996ರಲ್ಲಿ ಅದನ್ನೂ ಬದಲಿಸುತ್ತೇವೆ ಅಂತ ರೈಲು ನಿಲ್ಲಿಸಿದರು. ಮತ್ತೆ ಪ್ರಯಾಣಿಕರ ರೈಲು ಆ ಘಟ್ಟ ಇಳಿದದ್ದು 2007ರ ಡಿಸೆಂಬರಿನಲ್ಲಿ.

ಹನ್ನೊಂದು ವರ್ಷ. ಇದನ್ನು ಓದುವಾಗ ನನಗೆ ಪ್ರತಿ ಸಲವೂ ಹೊಟ್ಟೆಯುರಿಯುತ್ತದೆ. ಅದೇ ಅವಧಿಯಲ್ಲಿ, 1998ರ ಜನವರಿ 26ಕ್ಕೆ, ಕೊಂಕಣ ರೈಲ್ವೆ ಪೂರ್ತಿಯಾಗಿ ಉದ್ಘಾಟನೆಯಾಯಿತು. 1990ರಲ್ಲಿ ಶುರುವಾದ ನಿಗಮ, ಎಂಟು ವರ್ಷಗಳಲ್ಲಿ, ಮಂಗಳೂರಿನಿಂದ ಮುಂಬೈ ಬದಿಯ ರೋಹಾದವರೆಗೆ ಏಳುನೂರಕ್ಕೂ ಹೆಚ್ಚು ಕಿಲೋಮೀಟರ್ ಹೊಸ ಹಳಿ ಹಾಕಿ ಮುಗಿಸಿತು. ಅದರ ಹಿಂದೆ ನಿಂತಿದ್ದ ಆಗಿನ ರೈಲ್ವೆ ಮಂತ್ರಿ ಜಾರ್ಜ್ ಫರ್ನಾಂಡಿಸ್ ನಮ್ಮ ಮಂಗಳೂರಿನಲ್ಲೇ ಹುಟ್ಟಿದವರು. ಹೀಗಾಗಿ ಆ ವರ್ಷಗಳಲ್ಲಿ ಮಂಗಳೂರಿನವರಿಗೆ ಮುಂಬೈಗೆ ರೈಲಿತ್ತು, ಚೆನ್ನೈಗಿತ್ತು, ತಿರುವನಂತಪುರಕ್ಕಿತ್ತು. ಸ್ವಂತ ರಾಜಧಾನಿಗೆ ನೇರ ರೈಲಿರಲಿಲ್ಲ. ಹೊಸ ಹಳಿ ಎಂಟು ವರ್ಷಕ್ಕೆ, ಇದ್ದ ಹಳಿ ಅಗಲ ಮಾಡಲು ಹನ್ನೊಂದು!

ಬಸ್ಸಿನವರ ಲಾಬಿ ತಡೆಯಿತು ಅನ್ನುವ ಮಾತು ನಮ್ಮ ಕಡೆ ಪ್ರತಿ ಅಂಗಡಿ ಜಗಲಿಯಲ್ಲೂ ಇದೆ. ನನಗದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಲಾಬಿ ಬೇಕಾಗಿಯೇ ಇರಲಿಲ್ಲ ಅನ್ನುವುದು ನನ್ನ ಅನಿಸಿಕೆ. ಪ್ರಯಾಣಿಕರಿಗಾಗಿ ಹಾಕಿದ ಹಳಿಯಾಗಿದ್ದರೆ ಪ್ರಯಾಣಿಕರ ಕೂಗು ಕೇಳುತ್ತಿತ್ತು. ಸರಕಿಗಾಗಿ ಹಾಕಿದ್ದು, ಸರಕಿನವರಿಗೆ ಅವಸರವಾದಾಗ ಕೆಲಸ ನಡೆಯಿತು. ನೋಡಿ: 2003ರಲ್ಲಿ ರೈಲ್ವೆ ಮತ್ತು ರಾಜ್ಯ ಸರ್ಕಾರ ಸೇರಿ ಹಾಸನ-ಮಂಗಳೂರು ರೈಲು ಅಭಿವೃದ್ಧಿ ಕಂಪನಿ ಅಂತ ಮಾಡಿದರು. ಆಗ ಕೆಲಸ ಓಡಿತು. 2006ರಲ್ಲಿ ಗೂಡ್ಸ್ ಗಾಡಿಗಳು ಇಳಿಯತೊಡಗಿದವು. ಮನುಷ್ಯರ ಸರದಿ ಬರಲು ಇನ್ನೂ ಒಂದೂವರೆ ವರ್ಷ.

ಹಳಿ ಖಾಲಿ ಇದ್ದ ಆ ವರ್ಷಗಳಲ್ಲಿ ಅದನ್ನು ಚೆನ್ನಾಗಿ ನೋಡಿದವರು ಅಂದರೆ ಚಾರಣಿಗರು. ಬೆಂಗಳೂರಿನ ಹುಡುಗರು ಶುಕ್ರವಾರ ರಾತ್ರಿ ಬಸ್ಸು ಹತ್ತಿ, ಬೆಳಗ್ಗೆ ದೋಣಿಗಾಲಿನಲ್ಲಿ ಇಳಿದು, ಹಳಿಯ ಮೇಲೆ ನಡೆಯುತ್ತಾ ಕಡಗರವಳ್ಳಿ, ಎಡಕುಮೇರಿ ಅಂತ ಎರಡು ದಿನ ಕಳೆಯುತ್ತಿದ್ದರು. ಸುರಂಗದಲ್ಲಿ ಟಾರ್ಚ್, ಸೇತುವೆಯ ಮೇಲೆ ಎದೆ ಡವಡವ. ರೈಲು ಓಡತೊಡಗಿದ ಮೇಲೂ ಈ ಹುಚ್ಚು ನಿಲ್ಲಲಿಲ್ಲ. ಈಗ ಅದು ಕಾನೂನುಬಾಹಿರ, ಸುರಂಗದೊಳಗೆ ರೈಲು ಎದುರಾದರೆ ಪಕ್ಕಕ್ಕೆ ಸರಿಯಲು ಜಾಗವೂ ಸಿಗಲಿಕ್ಕಿಲ್ಲ. ದಯವಿಟ್ಟು ಯಾರೂ ಹೋಗಬೇಡಿ.

ರೈಲು ಇಲ್ಲದ ಹನ್ನೊಂದು ವರ್ಷಗಳಲ್ಲೇ ಬೆಂಗಳೂರು ಈಗಿನ ಬೆಂಗಳೂರಾದದ್ದು ಅನ್ನುವುದನ್ನು ಮರೆಯಬಾರದು. ನಮ್ಮ ಅಣ್ಣಂದಿರ, ಅಕ್ಕಂದಿರ ತಲೆಮಾರು ಸಾಫ್ಟ್‌ವೇರ್ ಕೆಲಸಕ್ಕೆ ಘಟ್ಟ ಹತ್ತಿದ್ದು ಆಗಲೇ. ಅವರಿಗೆ ಬೇಕಾಗಿದ್ದು ಒಂದೇ: ಶುಕ್ರವಾರ ಕೆಲಸ ಮುಗಿಸಿ ಹತ್ತಿದರೆ ಶನಿವಾರ ಬೆಳಗ್ಗೆ ಮನೆ, ಭಾನುವಾರ ರಾತ್ರಿ ಹತ್ತಿದರೆ ಸೋಮವಾರ ಬೆಳಗ್ಗೆ ಆಫೀಸು. ಮುನ್ನೂರೈವತ್ತು ಕಿಲೋಮೀಟರ್, ಏಳೆಂಟು ಗಂಟೆ. ರಾತ್ರಿ ಬಸ್ಸಿಗೆ ಹೇಳಿ ಮಾಡಿಸಿದ ದೂರ. ಈ ಶತಮಾನದ ಮೊದಲ ವರ್ಷಗಳಲ್ಲಿ ವೋಲ್ವೋ ಬಂತು, ಸರ್ಕಾರದ್ದು ಐರಾವತ, ಖಾಸಗಿಯವರದ್ದು ಹತ್ತಾರು. ತೆರೆಯಲು ಬಾರದ ಕಿಟಕಿ, ಅದಕ್ಕೊಂದು ಪರದೆ, ಕಾಲಿಗೆ ಕಂಬಳಿ. ಶಿರಾಡಿ ಬಂದದ್ದು ಗೊತ್ತಾಗುತ್ತಿದ್ದದ್ದು ಕಣ್ಣಿಗಲ್ಲ, ಹೊಟ್ಟೆಗೆ. ಹಾಸನ ದಾಟಿದ ಮೇಲೆ ಮಲಗಿದವನ ದೇಹ ಎಡಕ್ಕೂ ಬಲಕ್ಕೂ ಉರುಳತೊಡಗಿದರೆ ಅದೇ ಘಟ್ಟ.

ಆಮೇಲೆ 2007ರಲ್ಲಿ ರೈಲು ಬಂತಲ್ಲ, ಅದೂ ಬಂದದ್ದು ರಾತ್ರಿ ರೈಲಾಗಿಯೇ! ದೇಶದ ಅತಿ ಚೆಂದದ ಹಳಿಗಳಲ್ಲಿ ಒಂದರ ಮೇಲೆ, 57 ಸುರಂಗ ದಾಟಿ, ಕತ್ತಲಲ್ಲಿ. ಸುರಂಗ ಯಾವುದು, ಹೊರಗಿನ ರಾತ್ರಿ ಯಾವುದು ಅಂತ ಸದ್ದಿನಿಂದ ತಿಳಿಯಬೇಕು. ಹಗಲು ರೈಲು ಬರಲು ಇನ್ನೂ ಸಮಯ ಹಿಡಿಯಿತು. ಅದು ಸುತ್ತುದಾರಿಯ ರೈಲಾಗಿತ್ತು. ಬೆಂಗಳೂರಿನಿಂದ ಕುಣಿಗಲ್, ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ನೇರ ಹಳಿ ಪೂರ್ತಿಯಾದದ್ದು 2017ರ ಮಾರ್ಚಿನಲ್ಲಿ. 2021ರ ಜುಲೈ 11ರಿಂದ ಹಗಲು ರೈಲುಗಳಿಗೆ ಗಾಜಿನ ಮಾಡಿನ ವಿಸ್ಟಾಡೋಮ್ ಡಬ್ಬಿ ಹಾಕಿದರು, 44 ತಿರುಗುವ ಸೀಟು. ಘಟ್ಟದ ನೋಟವನ್ನು ಒಂದು ಸರಕು ಅಂತ ರೈಲ್ವೆಯವರು ಲೆಕ್ಕಕ್ಕೆ ಹಿಡಿದದ್ದು ನನಗೆ ತಿಳಿದಂತೆ ಈ ಹಾದಿಯಲ್ಲಿ ಅದೇ ಮೊದಲು. 1979ರಲ್ಲಿ ಸಾಮಾನ್ಯ ಡಬ್ಬಿಯ ತೆರೆದ ಬಾಗಿಲಲ್ಲಿ ಪುಕ್ಕಟೆ ಸಿಗುತ್ತಿದ್ದದ್ದು 2021ರಲ್ಲಿ ಗಾಜಿನ ಹಿಂದೆ ದುಬಾರಿ ಟಿಕೆಟ್ಟಿಗೆ. ಆದರೂ ಬೇಡ ಅನ್ನಲಾರೆ. ಹಗಲು ರೈಲಿಗೆ ಗಿರಾಕಿ ಇದ್ದಾರೆ ಅಂತ ತೋರಿಸಿಕೊಟ್ಟಿತಲ್ಲ, ಅಷ್ಟು ಸಾಕು.

ಇಷ್ಟೆಲ್ಲ ಹೇಳಿ ಗುಡ್ಡದ ಮಾತು ಬಿಟ್ಟರೆ ತಪ್ಪಾಗುತ್ತದೆ. ಶಿರಾಡಿಗೆ ಕಾಂಕ್ರೀಟ್ ಹಾಕಲು 2015ರಲ್ಲೊಮ್ಮೆ, 2018ರಲ್ಲೊಮ್ಮೆ ತಿಂಗಳುಗಟ್ಟಲೆ ರಸ್ತೆ ಮುಚ್ಚಿದರು. 2018ರ ಜುಲೈಯಲ್ಲಿ ತೆರೆದು ತಿಂಗಳಾಗಿತ್ತಷ್ಟೆ, ಆಗಸ್ಟಿನ ಮಳೆಗೆ ರಸ್ತೆಯ ಮೇಲೂ ಹಳಿಯ ಮೇಲೂ ಗುಡ್ಡ ಜರಿಯಿತು. ರೈಲು ವಾರಗಟ್ಟಲೆ ಇಲ್ಲ. 2024ರ ಜುಲೈಯಲ್ಲಿ ಕಡಗರವಳ್ಳಿ-ಎಡಕುಮೇರಿ ನಡುವೆ ಹಳಿಯ ಕೆಳಗಿನ ಮಣ್ಣೇ ಕುಸಿಯಿತು. ಆ ತಿಂಗಳು ಶಿರಾಡಿಯ ದೊಡ್ಡತಪ್ಪಲೆಯಲ್ಲೂ ಮತ್ತೆ ಮತ್ತೆ ಕುಸಿತ. 2025ರಲ್ಲಿ ವಿದ್ಯುತ್ ತಂತಿ ಎಳೆಯುವ ಕೆಲಸಕ್ಕೆ ಹಗಲು ರೈಲುಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿದರು. ಗಮನಿಸಿ, ನಿಲ್ಲಿಸಿದ್ದು ಹಗಲಿನವನ್ನು. ಕೆಲಸ ಹಗಲಲ್ಲೇ ಆಗಬೇಕು, ಅದು ಸರಿಯೇ. ಆದರೆ ಈ ಹಾದಿಯಲ್ಲಿ ಏನು ಬಂದರೂ ಮೊದಲು ಹೋಗುವುದು ಹಗಲು.

ಬಸ್ಸು, ಲಾರಿ, ರೈಲು ಎಲ್ಲದಕ್ಕೂ ಒಂದೇ ಕಣಿವೆ. ರಸ್ತೆ ಅಗಲ ಮಾಡಲು ಗುಡ್ಡವನ್ನು ನೆಟ್ಟಗೆ ಕಡಿದ ಜಾಗಗಳನ್ನು ಹಗಲಲ್ಲಿ ಹೋದವರು ನೋಡಿರುತ್ತೀರಿ. ಕೆಂಪು ಮಣ್ಣಿನ ಗೋಡೆ, ಅದರ ತುದಿಯಲ್ಲಿ ಬೇರು ಹೊರಗೆ ಬಿದ್ದ ಮರ. ನಾವೆಲ್ಲ ರಾತ್ರಿ ಮಲಗಿಕೊಂಡೇ ದಾಟುವುದರಿಂದ ಬೆಳಗ್ಗೆ ಪೇಪರಿನಲ್ಲಿ 'ಶಿರಾಡಿ ಬಂದ್' ಅಂತ ಓದಿದಾಗ ಮಾತ್ರ ಅದರ ನೆನಪು. ವಾರಕ್ಕೊಮ್ಮೆ ಹಗಲಲ್ಲಿ ದಾಟುತ್ತಿದ್ದರೆ ಇಷ್ಟು ವರ್ಷಗಳಲ್ಲಿ ಅಲ್ಲೇನು ಬದಲಾಗಿದೆ ಅಂತ ನಮಗೇ ಹೇಳಲು ಬರುತ್ತಿತ್ತು.

ಸರಿ, ಕೊನೆಗೂ ಬಸ್ಸೋ ರೈಲೋ ಅಂತ ಕೇಳಿದರೆ? ಇಳಿಯುವುದಕ್ಕೆ ರೈಲು, ಹತ್ತುವುದಕ್ಕೆ ಬಸ್ಸು. ಹಗಲು ರೈಲು ಬೆಳಗ್ಗೆ ಯಶವಂತಪುರ ಬಿಟ್ಟರೆ ಘಟ್ಟ ಸಿಗುವುದು ಮಧ್ಯಾಹ್ನದ ಹೊತ್ತಿಗೆ, ಬೆಳಕು ಚೆನ್ನಾಗಿರುತ್ತದೆ. ಮಳೆಗಾಲದಲ್ಲಿ ಹೋದರೆ ಬರೀ ಮಂಜು, ಗುಡ್ಡ ಜರಿಯುವ ಭಯ ಬೇರೆ. ಸೆಪ್ಟೆಂಬರ್ ಕೊನೆಯಿಂದ ನವೆಂಬರಿನವರೆಗೆ ಝರಿಗಳಲ್ಲಿ ನೀರೂ ಇರುತ್ತದೆ, ಆಕಾಶವೂ ತೆರೆದಿರುತ್ತದೆ. ಏ.ಸಿ. ಡಬ್ಬಿ ಬೇಡ, ಕಿಟಕಿ ತೆಗೆಯಲು ಬರುವ ಡಬ್ಬಿ ನೋಡಿ. ವಾಪಸು ಬರುವಾಗ ಬೆಳಗ್ಗೆ ಹೊರಡುವ ಕೆಂಪು ಬಸ್ಸು, ಮುಂದಿನ ಸೀಟು. ಗುಂಡ್ಯದಲ್ಲಿ ನಿಲ್ಲಿಸಿದರೆ ಚಹಾ ಕುಡಿಯಿರಿ. ಅಲ್ಲಿಂದ ಮುಂದೆ ಡ್ರೈವರು ಎರಡನೇ ಗೇರಿಗೆ ಬಂದ ಮೇಲೆ, ಹೊಳೆಯ ಆಚೆ ಗುಡ್ಡದ ಮೇಲೆ ಕಣ್ಣಿಟ್ಟಿರಿ. ಮರಗಳ ನಡುವೆ ಸೇತುವೆಯ ಕಂಬಗಳು ಕಾಣಿಸಬಹುದು. ಅದೃಷ್ಟ ಇದ್ದರೆ ಅದರ ಮೇಲೆ ಗೂಡ್ಸ್ ಗಾಡಿಯೊಂದು ನಿಧಾನಕ್ಕೆ ತೆವಳುತ್ತಿರುತ್ತದೆ.

1996ಕ್ಕೆ ಮುಂಚೆ ಆ ಮೀಟರ್ ಗೇಜ್ ರೈಲಿನಲ್ಲಿ ಹೋದವರು ನಿಮ್ಮಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಎಷ್ಟು ಹೊತ್ತಿಗೆ ಘಟ್ಟ ಸಿಗುತ್ತಿತ್ತು, ಎಡಕುಮೇರಿಯಲ್ಲಿ ಎಷ್ಟು ಹೊತ್ತು ನಿಲ್ಲುತ್ತಿತ್ತು, ತಿನ್ನಲು ಏನು ಮಾರಲು ಬರುತ್ತಿತ್ತು, ಎಲ್ಲವೂ ಬೇಕು. ಅಪ್ಪನನ್ನು ಕೇಳಿದರೆ ಪ್ರತಿ ಸಲವೂ ಬೇರೆ ಬೇರೆ ಹೇಳುತ್ತಾರೆ :)